ಸಂತೋಷದ ಪಟ್ಟಿಯ ಹಿಂದಿರುವ ಏಣಿ ಎಲ್ಲಿಂದ ಬಂತು?

ಪ್ರತಿ ಮಾರ್ಚ್ 20ರ ಹೊತ್ತಿಗೆ, ದೇಶಗಳನ್ನು ಸಂತೋಷದ ಲೆಕ್ಕದಲ್ಲಿ ಸಾಲಿಡುವ ‘ವಿಶ್ವ ಸಂತೋಷ ವರದಿ’ ಬಂದಾಗ, ಅದೇ ಸುದ್ದಿ. ಸಂತೋಷದಲ್ಲಿ ಫಿನ್‌ಲ್ಯಾಂಡ್ ಮೊದಲು, ಭಾರತ ನೂರರಾಚೆ ಎಲ್ಲೋ. 2025ರಲ್ಲಿ ನಮಗೆ ಸಿಕ್ಕಿದ್ದು 118ನೇ ಸ್ಥಾನ. ಕೆಲವರು ನಮ್ಮ ಹಣೆಬರಹವೇ ಇಷ್ಟು ಅಂತಾರೆ, ಇನ್ನು ಕೆಲವರು ಇದೆಲ್ಲ ಹೊರಗಿನವರ ಪಿತೂರಿ ಅಂತಾರೆ. ಆ ಅಂಕ ಹುಟ್ಟುವುದು ಹೇಗೆ ಅಂತ ಕೇಳುವವರು ಕಡಿಮೆ.

ಪಟ್ಟಿ ನಿಂತಿರುವುದು ಒಂದೇ ಒಂದು ಪ್ರಶ್ನೆಯ ಮೇಲೆ. ಒಂದು ಏಣಿ ಇದೆ ಅಂದುಕೊಳ್ಳಿ, ತುದಿಯ 10 ಅಂದರೆ ನಿಮ್ಮ ಪಾಲಿಗೆ ಅತ್ಯುತ್ತಮ ಬದುಕು, ತಳದ 0 ಅಂದರೆ ಅತಿ ಕೆಟ್ಟದ್ದು. ಈಗ ಯಾವ ಮೆಟ್ಟಿಲಲ್ಲಿದ್ದೀರಿ? ಹೆಚ್ಚಿನ ದೇಶಗಳಲ್ಲಿ ವರ್ಷಕ್ಕೆ ಸುಮಾರು 1,000 ಜನರನ್ನು ಕೇಳಿ, ಮೂರು ವರ್ಷದ ಸರಾಸರಿ ತೆಗೆಯುತ್ತಾರೆ.

ಈ ಏಣಿಯನ್ನು ರೂಪಿಸಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್. 1965ರ ಅವರ ಪುಸ್ತಕದಲ್ಲಿ ಭಾರತವೂ ಸೇರಿ ಹತ್ತಕ್ಕೂ ಹೆಚ್ಚು ದೇಶಗಳ ಉತ್ತರಗಳಿವೆ. ತುದಿ ಯಾವುದು, ತಳ ಯಾವುದು ಅಂತ ಅವರು ಹೇಳಿಕೊಡಲಿಲ್ಲ, ಉತ್ತರಿಸುವವರೇ ಗುರುತಿಸಬೇಕಿತ್ತು. ನನ್ನ ಕನಸನ್ನು ನಿಮ್ಮ ಮೇಲೆ ಹೇರದ ಈ ರೀತಿ ನನಗೆ ನಿಜಕ್ಕೂ ಇಷ್ಟ. ಆದರೆ ತೊಡಕು ಶುರುವಾಗುವುದೂ ಇಲ್ಲೇ. ಒಬ್ಬರ ತುದಿ ಬೋರ್‌ವೆಲ್‌ನಲ್ಲಿ ನೀರು ಬಿದ್ದು ಸಾಲ ತೀರುವುದು, ಇನ್ನೊಬ್ಬರ ತುದಿ ಬೇಗ ನಿವೃತ್ತಿ ಪಡೆದು ಊರೂರು ಸುತ್ತುವುದು. ಇಬ್ಬರೂ 6 ಅಂದರೆ ಇಬ್ಬರೂ ಒಂದೇ ಎತ್ತರದಲ್ಲಿದ್ದಾರಾ?

1974ರಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಕ್ಯಾಂಟ್ರಿಲ್‌ರ ಅಂಕಿಗಳನ್ನೂ ಬಳಸಿ, ದೇಶದೊಳಗೆ ಹಣವಂತರು ಜಾಸ್ತಿ ತೃಪ್ತರು, ದೇಶ ದೇಶಗಳ ನಡುವೆ ಮಾತ್ರ ಆ ನಂಟು ಅಷ್ಟು ಗಟ್ಟಿಯಿಲ್ಲ ಎಂದರು. ಆ ವಾದ ಇನ್ನೂ ಮುಗಿದಿಲ್ಲ. 1985ರಲ್ಲಿ ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಜೊತೆಗಾರರು ಬದುಕಿನ ತೃಪ್ತಿ ಅಳೆಯಲು, ಒಂದು ಪ್ರಶ್ನೆಯ ಬದಲು ಐದು ವಾಕ್ಯಗಳನ್ನು ಎಷ್ಟು ಒಪ್ಪುತ್ತೀರಿ ಅಂತ ಕೇಳುವ ಅಳತೆ ತಂದರು. ಆಮೇಲೆ ಬಂದ ಅನುಮಾನ ಇನ್ನೂ ಮೂಲದ್ದು: ಜನ ಅಂಕ ಕೊಡುವ ರೀತಿಯೇ ಬೇರೆ ಬೇರೆಯಾಗಿದ್ದರೆ? 1995ರ ಒಂದು ಅಧ್ಯಯನದಲ್ಲಿ ಜಪಾನ್, ತೈವಾನ್‌ನ ವಿದ್ಯಾರ್ಥಿಗಳು ನಡುವಿನ ಅಂಕಗಳತ್ತ ವಾಲಿದರು, ಅಮೆರಿಕದವರು ತುದಿಗಳತ್ತ. ನಮ್ಮಲ್ಲೂ ಹೇಗಿದ್ದೀರಿ ಅಂದರೆ ‘ಏನೋ ನಡೀತಿದೆ’ ಅನ್ನುವವರೇ ಜಾಸ್ತಿ, ತುಂಬಾ ಚೆನ್ನಾಗಿದ್ದೀನಿ ಅಂದರೆ ದೃಷ್ಟಿ ತಾಗುತ್ತೆ ಅನ್ನುವ ಅಳುಕು ಬೇರೆ. ಅಂಥವರು ಸುಮ್ನೆ 9 ಅಂತಾರಾ?

2001ರಲ್ಲಿ ಪ್ರಕಟವಾದ ಕಲ್ಕತ್ತಾದ ಅಧ್ಯಯನ ಇನ್ನೊಂದು ಮಗ್ಗುಲು ತೋರಿಸಿತು. ರಾಬರ್ಟ್ ಬಿಸ್ವಾಸ್-ಡೀನರ್ ಮತ್ತು ಎಡ್ ಡೀನರ್ ಕೊಳೆಗೇರಿಯವರು, ಲೈಂಗಿಕ ಕಾರ್ಯಕರ್ತೆಯರು, ಫುಟ್‌ಪಾತ್ ಮೇಲೆ ಬದುಕುವವರು ಹೀಗೆ 83 ಜನರನ್ನು ಮಾತಾಡಿಸಿದ್ದರು. ಒಟ್ಟು ಬದುಕಿನ ಬಗ್ಗೆ ಕೇಳಿದಾಗ ಉತ್ತರ ನಡುಬಿಂದುವಿಗಿಂತ ಸ್ವಲ್ಪ ಕೆಳಗೆ ಬಂತು. ಮನೆಯವರು, ಸ್ನೇಹಿತರು ಅಂತ ಬಿಡಿಬಿಡಿಯಾಗಿ ಕೇಳಿದಾಗ ತೃಪ್ತಿಯ ಕಡೆಗೇ ಬಂತು. ಒಂದೇ ಪ್ರಶ್ನೆ ಕೇಳಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಅಂಕ ಕೊಡುವ ರೀತಿಯನ್ನೇ ಅಳೆಯುವ ಒಳ್ಳೆಯ ಉಪಾಯ 2004ರಲ್ಲಿ ರಾಜ್ಯಶಾಸ್ತ್ರಜ್ಞ ಗ್ಯಾರಿ ಕಿಂಗ್ ಮತ್ತು ಸಂಗಡಿಗರ ಲೇಖನದಲ್ಲಿ ಬಂತು. ಎಲ್ಲರಿಗೂ ಕಾಲ್ಪನಿಕ ವ್ಯಕ್ತಿಗಳ ಒಂದೇ ಪುಟ್ಟ ಕಥೆಗಳನ್ನು ಓದಿ ಹೇಳಿ, ಇವರಿಗೆ ಎಷ್ಟು ಅಂಕ ಕೊಡ್ತೀರಿ ಅಂತ ಕೇಳುವುದು. ಅವರು ಅಳೆದದ್ದು ತೃಪ್ತಿಯನ್ನಲ್ಲ, ಸರ್ಕಾರದಲ್ಲಿ ತಮ್ಮ ಮಾತು ಎಷ್ಟು ನಡೆಯುತ್ತದೆ ಅನ್ನುವುದನ್ನು. ನೇರವಾಗಿ ಕೇಳಿದಾಗ ಮೆಕ್ಸಿಕೋದವರಿಗಿಂತ ಚೀನಾದವರು ಮುಂದಿದ್ದರು. ಕಥೆಗಳ ಜೊತೆ ಹೋಲಿಸಿದಾಗ ತಿರುಗುಮುರುಗಾಯಿತು! ಕುಡಿಯುವ ನೀರಿಲ್ಲದೆ ಸುಮ್ಮನೆ ಸಹಿಸಿಕೊಳ್ಳುವ ಕಾಲ್ಪನಿಕ ವ್ಯಕ್ತಿಗಿಂತಲೂ ತಮ್ಮನ್ನು ಕೆಳಗಿಟ್ಟುಕೊಂಡ ಚೀನೀಯರು ಬಹಳ ಇದ್ದರು. 2014ರಲ್ಲಿ ಅರ್ಥಶಾಸ್ತ್ರಜ್ಞೆ ವಿಯೋಲಾ ಆಂಜೆಲಿನಿ ಅವರ ತಂಡ ಹತ್ತು ಯುರೋಪಿನ ದೇಶಗಳಲ್ಲಿ ಇದೇ ದಾರಿಯಲ್ಲಿ ತೃಪ್ತಿಯನ್ನು ನೋಡಿದಾಗ, ದೇಶಗಳ ನಡುವಿನ ವ್ಯತ್ಯಾಸದ ದೊಡ್ಡ ಪಾಲು ಅಂಕ ಕೊಡುವ ರೀತಿಯಿಂದಲೇ ಬಂದದ್ದು ಅಂತ ಕಂಡಿತು.

ಹಾಗಂತ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಬೇಕಿಲ್ಲ. 2025ರಲ್ಲಿ ಫಿನ್‌ಲ್ಯಾಂಡ್ 7.7, ಭಾರತ 4.4. ಮೂರಕ್ಕೂ ಹೆಚ್ಚಿನ ಈ ಅಂತರವನ್ನು ನಮ್ಮ ಸಂಕೋಚದ ತಲೆಗೆ ಕಟ್ಟುವುದು ಬಡತನ, ಕಾಯಿಲೆ, ನಿರುದ್ಯೋಗದಲ್ಲಿ ನರಳುವವರಿಗೆ ಮಾಡುವ ಅನ್ಯಾಯ. ಅಕ್ಕಪಕ್ಕದ ಸ್ಥಾನಗಳಲ್ಲಿ ಯಾರು ಮೇಲು ಅನ್ನುವ ಜಗಳಕ್ಕೆ ಮಾತ್ರ ಅರ್ಥವಿಲ್ಲ. ಒಂದೇ ದೇಶದ ಅಂಕ ವರ್ಷದಿಂದ ವರ್ಷಕ್ಕೆ ಎತ್ತ ಸಾಗಿದೆ ಅನ್ನುವುದು ಅದಕ್ಕಿಂತ ನಂಬಬಹುದಾದ ಮಾಹಿತಿ.

ದೊಡ್ಡ ಸಮೀಕ್ಷೆಗಳಲ್ಲೂ ಈ ಪುಟ್ಟ ಕಥೆಗಳನ್ನು ಸೇರಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಸಂದರ್ಶನ ಉದ್ದವಾಗುತ್ತದೆ, ಖರ್ಚೂ ಬೀಳುತ್ತದೆ, ನಿಜ. ಜೊತೆಗೆ ಆ ಕಥೆಗಳನ್ನೇ ಬೇರೆ ಬೇರೆ ಊರಿನವರು ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡರೆ ತಿದ್ದುಪಡಿಯೂ ತಪ್ಪಾಗುತ್ತದೆ. ಸಂಶೋಧಕರು ಈಗ ಜಗಳವಾಡುತ್ತಿರುವ ವಿಷಯಗಳಲ್ಲಿ ಇದೂ ಒಂದು.