ಅಂಡಮಾನಿಗೆ ಹೋದ ನಮ್ಮ ಜಿಂಕೆ

ಮೇಲಿನ ಮನೆ ಆಂಟಿ ಹೋದ ತಿಂಗಳು ಮಗ, ಸೊಸೆ, ಮೊಮ್ಮಗಳ ಜೊತೆ ಅಂಡಮಾನಿಗೆ ಹೋಗಿ ಬಂದರು. ಬೆಂಗಳೂರಿನಿಂದ ನೇರ ವಿಮಾನ ಇದೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಸಮುದ್ರದ ಪಕ್ಕ ಇರಬಹುದು. ಬಂದ ಮಾರನೇ ದಿನವೇ ಮೊಬೈಲ್ ಹಿಡಿದು ಕೆಳಗಿಳಿದು ಬಂದು, ಒಂದೊಂದೇ ಫೋಟೋ ತೋರಿಸಿದರು. ನೀಲಿ ನೀರು, ಬಿಳಿ ಮರಳು, ಸೆಲ್ಯುಲರ್ ಜೈಲು. ಆಮೇಲೆ ರಾಸ್ ದ್ವೀಪದ ಫೋಟೋ ಬಂತು. ಪಾಳುಬಿದ್ದ ಇಟ್ಟಿಗೆ ಗೋಡೆ, ಅದನ್ನು ಅಪ್ಪಿ ಹಿಡಿದ ಮರದ ಬೇರು, ಮುಂದೆ ಒಂದು ಚುಕ್ಕೆ ಜಿಂಕೆ. ಮೊಮ್ಮಗಳ ಕೈಯಿಂದ ಏನೋ ತಿನ್ನುತ್ತಿದೆ.

"ನೋಡಪ್ಪಾ, ಬಂಡೀಪುರದಲ್ಲಿ ಜೀಪ್ ನಿಲ್ಲಿಸಿದ್ರೆ ಓಡಿಹೋಗುತ್ತೆ. ಅಲ್ಲಿ ಕೈಗೇ ಬಾಯಿ ಹಾಕುತ್ತೆ!" ಅಂದರು ಆಂಟಿ.

ಫೋಟೋ ಚೆನ್ನಾಗಿತ್ತು. ಮಗುವಿನ ಮುಖ ಇನ್ನೂ ಚೆನ್ನಾಗಿತ್ತು. ಆದರೆ ಆ ಜಿಂಕೆ ನನ್ನ ತಲೆಯಿಂದ ಹೋಗಲಿಲ್ಲ. ಅದು ಅಲ್ಲಿಯದಲ್ಲ, ನಮ್ಮ ಕಡೆಯದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಬೇಟೆಯ ಮೋಜಿಗೆ ಅಂತ ಚುಕ್ಕೆ ಜಿಂಕೆಗಳನ್ನು ಹಡಗಿನಲ್ಲಿ ತಂದು ಅಲ್ಲಿ ಬಿಟ್ಟರು. ಅವು ಒಂದು ದ್ವೀಪದಿಂದ ಇನ್ನೊಂದಕ್ಕೆ ಈಜಿಕೊಂಡು ಹಬ್ಬಿದವು. ಬ್ರಿಟಿಷರು ಹೋದರು. ರಾಸ್ ದ್ವೀಪದ ಹೆಸರೂ 2018ರಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ ಅಂತ ಬದಲಾಯಿತು. ಜಿಂಕೆ ಮಾತ್ರ ಉಳಿಯಿತು.

ಜಿಂಕೆ ಇದ್ದರೆ ಏನು ತೊಂದರೆ ಅಂತ ಕೇಳಬಹುದು. ಬಂಡೀಪುರದಲ್ಲಿ ಅದೇ ಜಿಂಕೆ ಕಾಡಿನ ಜೀವಾಳ. ಅಲ್ಲಿ ಅದು ಹುಲ್ಲು ಮೇಯುತ್ತದೆ, ಚಿಗುರು ಕಚ್ಚುತ್ತದೆ, ಲಂಗೂರಗಳು ಮರದಿಂದ ಬೀಳಿಸಿದ ಎಲೆ, ಕಾಯಿ ಹೆಕ್ಕುತ್ತದೆ. ಹಿಂದೆ ಹುಲಿ ಇದೆ, ಚಿರತೆ ಇದೆ, ಸೀಳುನಾಯಿಗಳ ಗುಂಪು ಇದೆ. ಎಷ್ಟು ಹುಟ್ಟಿದರೂ ಎಷ್ಟು ಉಳಿಯಬೇಕು ಅನ್ನುವುದನ್ನು ಅವು ನೋಡಿಕೊಳ್ಳುತ್ತವೆ. ನಮ್ಮ ಕಾಡಿನ ಗಿಡಗಳೂ ಸಾವಿರಾರು ವರ್ಷದಿಂದ ಜಿಂಕೆಯ ಬಾಯಿ ಕಂಡು ಬೆಳೆದಿವೆ.

ಅಂಡಮಾನಿನಲ್ಲಿ ಇದ್ಯಾವುದೂ ಇಲ್ಲ. ಹುಲಿ ಇಲ್ಲ, ಚಿರತೆ ಇಲ್ಲ, ಸೀಳುನಾಯಿ ಇಲ್ಲ. ಕಾಡಿನ ನೆಲದಲ್ಲಿ ಬೆಳೆಯುವ ಎಳೆ ಗಿಡಗಳಿಗೆ ಜಿಂಕೆಯ ಪರಿಚಯವೇ ಇರಲಿಲ್ಲ. ಹಾಗಾಗಿ ಜಿಂಕೆ ಜಾಸ್ತಿ ಇರುವ ಕಡೆ ಮರಗಳ ಕೆಳಗಿನ ಹಸಿರು ತೆಳ್ಳಗಾಗುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಗಿ ನೋಡಿತು. ಕೆಳಗಿನ ಹಸಿರು ಹೋದ ಕಡೆ ಹಲ್ಲಿ, ಓತಿಕ್ಯಾತಗಳೂ ಕಡಿಮೆಯಾಗಿದ್ದವು. ಜಿಂಕೆ ಓತಿಕ್ಯಾತವನ್ನು ಮುಟ್ಟುವುದೇ ಇಲ್ಲ, ಅಲ್ವಾ? ಆದರೆ ಅದು ಅಡಗುವ ಪೊದೆಯನ್ನು, ಅದು ತಿನ್ನುವ ಹುಳುಗಳ ಮನೆಯನ್ನು ಮೇಯುತ್ತದೆ. ದ್ವೀಪದ ಲೆಕ್ಕ ಹೀಗೆ. ಒಂದು ಜೀವ ಬಂದರೆ ಪೆಟ್ಟು ಎಲ್ಲೋ ಬೀಳುತ್ತದೆ.

ಈ ದ್ವೀಪಗಳಿಗೆ ಮೊದಲು ಯಾರು ಬಂದರು ಅನ್ನುವುದೇ ಒಂದು ಕಥೆ. ಮ್ಯಾನ್ಮಾರಿನ ಅರಕಾನ್ ಬೆಟ್ಟಸಾಲು ಸಮುದ್ರದೊಳಗೆ ಇಳಿದು, ದಕ್ಷಿಣಕ್ಕೆ ಸುಮಾತ್ರಾವರೆಗೆ ಹೋಗುತ್ತದೆ. ಆ ಮುಳುಗಿದ ಬೆಟ್ಟಗಳ ನೆತ್ತಿಗಳೇ ಅಂಡಮಾನ್ ಮತ್ತು ನಿಕೋಬಾರ್. ಚೆನ್ನೈನಿಂದ ಸುಮಾರು 1200 ಕಿಲೋಮೀಟರ್ ದೂರ. ಭೂಪಟದಲ್ಲಿ ನಮ್ಮದು, ಆದರೆ ಕಾಡಿನ ನೆಂಟಸ್ತಿಕೆ ಆ ಕಡೆಗೆ ಜಾಸ್ತಿ. ಮಧ್ಯೆ ಹತ್ತು ಡಿಗ್ರಿ ಕಾಲುವೆ ಅಂತ ಕರೆಯುವ, ಸುಮಾರು 150 ಕಿಲೋಮೀಟರ್ ಅಗಲದ ಸಮುದ್ರ ಇದೆ. ಅದರ ಉತ್ತರದ ಅಂಡಮಾನಿನ ಗಿಡಮರಗಳು ಮ್ಯಾನ್ಮಾರನ್ನು ಹೋಲುತ್ತವೆ. ದಕ್ಷಿಣದ ನಿಕೋಬಾರಿನವು ಸುಮಾತ್ರಾವನ್ನು. ಹಾರಬಲ್ಲವು ಹಾರಿ ಬಂದವು, ತೇಲಬಲ್ಲವು ತೇಲಿ ಬಂದವು. ತೀರದಲ್ಲಿ ಬೆಳೆಯುವ ಬ್ಯಾರಿಂಗ್ಟೋನಿಯಾ ಮರದ ಕಾಯಿ ಚೌಕದ ಪೆಟ್ಟಿಗೆಯ ಹಾಗಿರುತ್ತದೆ. ಒಳಗೆ ತೆಂಗಿನ ನಾರಿನಂಥ ಹಗುರ ಸಿಪ್ಪೆ. ತಿಂಗಳುಗಟ್ಟಲೆ ಸಮುದ್ರದಲ್ಲಿ ತೇಲಿ, ಯಾವುದೋ ದಡಕ್ಕೆ ತಾಗಿ ಮೊಳೆಯುತ್ತದೆ. ನಾವು ವರಮಹಾಲಕ್ಷ್ಮಿ ಹಬ್ಬಕ್ಕೆ ಗಾಂಧಿ ಬಜಾರಿನಲ್ಲಿ ಕೊಳ್ಳುವ ಕೇದಗೆಯ ಬಳಗದ ಗಿಡಗಳೂ ಅಲ್ಲಿನ ದಡದಲ್ಲಿವೆ. ನಮಗೆ ಜಡೆಗೆ ಮುಡಿಯುವ ಘಮ, ನಿಕೋಬಾರಿನವರಿಗೆ ಊಟ. ಆ ಹಣ್ಣನ್ನು ಬೇಯಿಸಿ ತಿರುಳು ತೆಗೆದು ತಿನ್ನುತ್ತಾರೆ.

ಹುಲಿಗೆ ಅಷ್ಟು ದೂರ ಈಜಲು ಆಗಲಿಲ್ಲ. ಬರಲಾಗದವರ ಪಟ್ಟಿಯೇ ದ್ವೀಪದ ಸ್ವಭಾವವನ್ನು ಗಟ್ಟಿ ಮಾಡುತ್ತದೆ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಇನ್ನೊಬ್ಬ ಪರಿಚಯಸ್ಥ ಈಗೀಗ ಅಲ್ಲಿಗೆ ಹೋಗಿ ಸೇರಿದ್ದಾನೆ. ಮುಂಗಾರಿನ ಮೊದಲ ಜೋರು ಮಳೆ ಬಿದ್ದ ರಾತ್ರಿ, ಬೆಂಗಳೂರಿನ ಹೊರಗೆ ಯಾವುದಾದರೂ ಕೆರೆ ಅಂಗಳಕ್ಕೆ ಹೋಗಿ ನೋಡಿ. ಅಂಗೈ ತುಂಬುವಷ್ಟು ದೊಡ್ಡ ಕಪ್ಪೆಗಳು, ಗಂಡುಗಳೆಲ್ಲ ನಿಂಬೆಹಣ್ಣಿನ ಹಳದಿ. ಗಂಟಲಿನ ಎರಡೂ ಪಕ್ಕ ನೀಲಿ ಚೀಲ ಉಬ್ಬಿಸಿ ವಟಗುಟ್ಟುತ್ತವೆ. ಇದು ಗೂಳಿ ಕಪ್ಪೆ. ನಮ್ಮ ಗದ್ದೆಗಳ ಹಳೇ ವಾಸಿ. ಅದನ್ನು ಹಿಡಿಯಲು ಹಾವು, ಕೊಕ್ಕರೆ ಎಲ್ಲ ಕಾದಿರುತ್ತವೆ. ಸಾಕಣೆಗೆ ಅಂತ ಮೀನುಮರಿಗಳನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುವಾಗ ನೀರಿನೊಳಗೆ ಗೊದಮೊಟ್ಟೆಗಳೂ ಸೇರಿಕೊಂಡು ಈ ಕಪ್ಪೆ ಅಂಡಮಾನಿನಲ್ಲಿ ಹರಡಿತು. ಸಂಶೋಧಕರು ಇದರ ಗೊದಮೊಟ್ಟೆಗಳನ್ನು ಅಲ್ಲಿನ ಸಣ್ಣ ಕಪ್ಪೆಗಳ ಗೊದಮೊಟ್ಟೆಗಳ ಜೊತೆ ಒಂದೇ ನೀರಿನಲ್ಲಿ ಇಟ್ಟು ನೋಡಿದರು. ದೊಡ್ಡವು ಸಣ್ಣವನ್ನು ತಿಂದು ಹಾಕಿದವು. ಮಳೆಗಾಲದ ಒಂದು ಗುಂಡಿ ನೀರು ಅಂದರೆ ಒಂದು ತಲೆಮಾರಿನ ಕಪ್ಪೆಗಳು. ಅದೇ ಖಾಲಿಯಾದರೆ ಮುಂದಿನ ವರ್ಷ ಕೂಗಲು ಯಾರಿರುತ್ತಾರೆ?

ಸಣ್ಣ ಜಾಗದಲ್ಲಿ ಬದುಕುವ ಕಷ್ಟ ಏನು ಅಂತ ತಿಳಿಯಲು ಅಂಡಮಾನಿನ ನಾರ್ಕಂಡಂ ದ್ವೀಪ ನೋಡಬೇಕು. ಆರಿದ ಜ್ವಾಲಾಮುಖಿ ಅದು. ವಿಸ್ತೀರ್ಣ ಏಳು ಚದರ ಕಿಲೋಮೀಟರಿಗೂ ಕಡಿಮೆ. ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಒಂದು ಮಂಗಟ್ಟೆ ಹಕ್ಕಿ ಅಲ್ಲಿದೆ. ದಾಂಡೇಲಿಯಲ್ಲಿ ಮಂಗಟ್ಟೆ ನೋಡಿದವರಿಗೆ ಅದರ ಸಂಸಾರ ಗೊತ್ತು. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ, ಗಂಡು ಸಣ್ಣ ಸೀಳಿನಲ್ಲಿ ಹಣ್ಣು ತಂದು ಕೊಡುತ್ತದೆ. ನಾರ್ಕಂಡಮಿನಲ್ಲೂ ಹಾಗೇ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಆ ದ್ವೀಪದಲ್ಲಿ ಇದ್ದು ಲೆಕ್ಕ ಹಾಕಿದಾಗ ಸುಮಾರು ಸಾವಿರ ಹಕ್ಕಿ ಸಿಕ್ಕವು. ಒಂದು ಚದರ ಕಿಲೋಮೀಟರಿಗೆ 150ರಷ್ಟು! ಇಷ್ಟು ದಟ್ಟವಾಗಿ ಮಂಗಟ್ಟೆಗಳಿರುವ ಜಾಗ ಬೇರೆಲ್ಲೂ ದಾಖಲಾಗಿಲ್ಲ. ಕಾರಣ ಅತ್ತಿ, ಆಲದ ಜಾತಿಯ ಮರಗಳು. ಅಲ್ಲಿ ಅವು ತುಂಬಾ ಇವೆ. ಹಕ್ಕಿ ಹಣ್ಣು ತಿಂದು ಬೀಜ ಬಿತ್ತುತ್ತದೆ, ಬೀಜ ಮರವಾಗಿ ಹಕ್ಕಿಗೆ ಹಣ್ಣು ಕೊಡುತ್ತದೆ. ಇಂಥ ಕಡೆಗೆ ಹಿಂದೆ ಪೊಲೀಸ್ ಹೊರಠಾಣೆಯ ಊಟಕ್ಕೆ ಅಂತ ಮೇಕೆ ತಂದಿದ್ದರು. ಮೇಕೆ ಕಾಡಿಗಿಳಿದು ನೂರಾರಾಯಿತು, ಸಸಿಗಳನ್ನೆಲ್ಲ ಮೇಯತೊಡಗಿತು. ಕೊನೆಗೆ ಅವನ್ನು ಹಿಡಿದು ಸಾಗಿಸಬೇಕಾಯಿತು. ಸದ್ಯ, ಸಾಗಿಸಿದರಲ್ಲ! ಸಸಿ ಏಳದಿದ್ದರೆ ಮುಂದೆ ಪೊಟರೆಯಾಗುವ ಮರ ಎಲ್ಲಿಂದ ಬರಬೇಕಿತ್ತು?

ನನಗೆ ತುಂಬಾ ಪ್ರೀತಿಯ ಹಕ್ಕಿ ಮಾತ್ರ ಬೇರೆ. ನಮ್ಮ ಮನೆಯ ತಾರಸಿಯ ಮೂಲೆಯಲ್ಲಿ ಗೊಬ್ಬರದ ಡಬ್ಬ ಇದೆ. ತರಕಾರಿ ಸಿಪ್ಪೆ, ಒಣ ಎಲೆ ಹಾಕಿ ಮೂರು ದಿನ ಬಿಟ್ಟು ಕೈ ಇಟ್ಟರೆ ಬೆಚ್ಚಗಿರುತ್ತದೆ. ಡಿಸೆಂಬರಿನ ಚಳಿಯಲ್ಲೂ ಮುಚ್ಚಳ ತೆಗೆದರೆ ಸಣ್ಣಗೆ ಹಬೆ ಬರುತ್ತದೆ. ಕಣ್ಣಿಗೆ ಕಾಣದ ಜೀವಿಗಳು ಎಲೆ ಕೊಳೆಸುವಾಗ ಹುಟ್ಟುವ ಕಾವು ಅದು. ನಿಕೋಬಾರಿನ ಮೆಗಾಪೋಡ್ ಈ ಕಾವಿನಲ್ಲೇ ಮರಿ ಮಾಡುತ್ತದೆ. ಕೋಳಿಯಷ್ಟು ದೊಡ್ಡ ಕಂದು ಹಕ್ಕಿ, ಕಾಲು ಮಾತ್ರ ಮೈಗೆ ಮೀರಿ ದಪ್ಪ. ಆ ಕಾಲಿನಲ್ಲಿ ಮರಳು, ಮಣ್ಣು, ಎಲೆ, ಕಡ್ಡಿ ಕೆರೆದು ಕೆರೆದು ದಡದ ಕಾಡಿನಲ್ಲಿ ದಿಬ್ಬ ಮಾಡುತ್ತದೆ. ದಿಬ್ಬದೊಳಗೆ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಮೊಟ್ಟೆಯ ಮೇಲೆ ಒಂದು ದಿನವೂ ಕೂರುವುದಿಲ್ಲ. ಒಂದೇ ದಿಬ್ಬವನ್ನು ಹಲವು ಜೋಡಿಗಳು ವರ್ಷಗಟ್ಟಲೆ ಬಳಸುವುದುಂಟು.

ಮೊಟ್ಟೆ ಕೋಳಿಮೊಟ್ಟೆಗಿಂತ ದೊಡ್ಡದು, ಒಳಗೆ ಹಳದಿ ಜಾಸ್ತಿ. ಅಷ್ಟು ಬುತ್ತಿ ಬೇಕೇ ಬೇಕು. ಯಾಕೆಂದರೆ ಮರಿ ಮಣ್ಣಿನೊಳಗೇ ಚಿಪ್ಪು ಒಡೆದು, ಕಾಲಿನಿಂದ ಮೇಲಕ್ಕೆ ತೋಡಿಕೊಂಡು, ತಾನೇ ಹೊರಗೆ ಬರಬೇಕು. ಬಂದಾಗ ಮೈಮೇಲೆ ಗರಿ ಇರುತ್ತದೆ. ಒಂದು ಕ್ಷಣ ನಿಂತು, ಪೊದೆಯೊಳಗೆ ಓಡುತ್ತದೆ. ಅಪ್ಪ ಅಮ್ಮ ಯಾರು ಅಂತ ಅದಕ್ಕೆ ಗೊತ್ತಿಲ್ಲ, ಅವರಿಗೂ ಇದು ಗೊತ್ತಿಲ್ಲ. ಗೊಬ್ಬರದ ಡಬ್ಬ ತೆರೆದಾಗಲೆಲ್ಲ ನನಗೆ ಆ ಮರಿ ನೆನಪಾಗುತ್ತದೆ.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಈ ಹಕ್ಕಿಗೆ ದೊಡ್ಡ ಪೆಟ್ಟು ಬಿತ್ತು. ದಿಬ್ಬಗಳೆಲ್ಲ ಇದ್ದದ್ದು ದಡದಲ್ಲೇ. ನಂತರದ ಸಮೀಕ್ಷೆಯಲ್ಲಿ ಹಕ್ಕಿಗಳು ಸುಮಾರು ಶೇಕಡಾ 70ರಷ್ಟು ಕಡಿಮೆಯಾಗಿದ್ದವು. ಅದೇ ಭೂಕಂಪದಲ್ಲಿ ದ್ವೀಪಸಾಲು ತಕ್ಕಡಿಯ ಹಾಗೆ ವಾಲಿತು. ಉತ್ತರ ಅಂಡಮಾನಿನ ನೆಲ ಮೇಲೆದ್ದು ಹವಳಗಳು ಬಿಸಿಲಿಗೆ ಬಿದ್ದು ಸತ್ತವು. ದಕ್ಷಿಣದ ತುದಿ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಜಾಸ್ತಿ ಕುಸಿಯಿತು. ಅಲ್ಲಿನ ದೀಪಸ್ತಂಭದ ಬುಡ ನೀರಿಗೆ ಬಂತು.

ಅದರ ಹತ್ತಿರವೇ ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿ ಇದೆ. ಪ್ರಪಂಚದ ಅತಿ ದೊಡ್ಡ ಆಮೆ, ಲೆದರ್‌ಬ್ಯಾಕ್ ಕಡಲಾಮೆ, ಮೊಟ್ಟೆಯಿಡಲು ಬರುವ ಜಾಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ದಕ್ಷಿಣ್ ಫೌಂಡೇಶನ್‌ನ ಸಂಶೋಧಕರು 2011ರಿಂದ ಲಿಟ್ಲ್ ಅಂಡಮಾನಿನಲ್ಲಿ ಈ ಆಮೆಗಳಿಗೆ ಉಪಗ್ರಹಕ್ಕೆ ಸಂದೇಶ ಕಳಿಸುವ ಯಂತ್ರ ಕಟ್ಟಿ ಬಿಟ್ಟಿದ್ದರು. ಮೊಟ್ಟೆಯಿಟ್ಟು ಮುಗಿಸಿ ಕೆಲವು ಆಸ್ಟ್ರೇಲಿಯಾದ ಪಶ್ಚಿಮಕ್ಕೆ ಹೋದವು, ಕೆಲವು ಆಫ್ರಿಕಾದ ಕಡೆಗೆ. ಸಾವಿರಾರು ಕಿಲೋಮೀಟರ್.

ಈಗ ಗ್ರೇಟ್ ನಿಕೋಬಾರಿನಲ್ಲಿ ದೊಡ್ಡ ಬಂದರು, ವಿಮಾನ ನಿಲ್ದಾಣ, ಪಟ್ಟಣ ಕಟ್ಟುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ಸಿಕ್ಕಿದೆ. ಬಂದರಿನ ಜಾಗ ಗಲಾಥಿಯಾ ಕೊಲ್ಲಿಯೇ. ಸುಮಾರು 130 ಚದರ ಕಿಲೋಮೀಟರ್ ಕಾಡು ಇದಕ್ಕೆ ಹೋಗುತ್ತದೆ. ಬದಲಿಗೆ ಗಿಡ ನೆಡುವುದು ಹರಿಯಾಣದಲ್ಲಿ ಅಂತ ನಿರ್ಧಾರವಾಗಿದೆ. ಇದನ್ನು ಓದಿದ ದಿನ ನನಗೆ ತುಂಬಾ ಬೇಸರವಾಯಿತು. ಒಣ ನಾಡಿನಲ್ಲಿ ನೆಟ್ಟ ಗಿಡದ ಕೆಳಗೆ ಯಾವ ಮೆಗಾಪೋಡ್ ಎಲೆ ಕೆರೆಯುತ್ತದೆ? ಜಿಂಕೆಯನ್ನು ಹಡಗಿಗೆ ಹತ್ತಿಸಿ ಅಲ್ಲಿ ಇಳಿಸಲು ಬಂತು. ಕಾಡನ್ನು ಹಾಗೆ ಇಳಿಸಲು ಬರುವುದಿಲ್ಲ.

ಆಂಟಿಗೆ ಇಷ್ಟನ್ನೂ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ಸುನಾಮಿ ಆದ್ಮೇಲೆ ಆ ಆಮೆಗಳು ಏನಾದವು?" ಅಂದರು. ಗಲಾಥಿಯಾದ ಮರಳು ದಡವನ್ನು ಸಮುದ್ರ ಅವತ್ತು ಪೂರ್ತಿ ಕೊಚ್ಚಿಕೊಂಡು ಹೋಗಿತ್ತು. ಕೆಲವೇ ವರ್ಷಗಳಲ್ಲಿ ಅಲೆಗಳೇ ಮರಳು ತಂದು ಮತ್ತೆ ದಡ ಕಟ್ಟಿದವು. ರಾತ್ರಿ ಹೊತ್ತು ಆಮೆಗಳು ಅದೇ ದಡಕ್ಕೆ ಹತ್ತಿ ಬಂದು, ಮತ್ತೆ ಗುಂಡಿ ತೋಡತೊಡಗಿದವು.