ಫೇಲ್ ಆಗಲಾರದ ಪರೀಕ್ಷೆಯ ಪಾಸು

ವೈದ್ಯಕೀಯ ಸಾಧನಗಳ ಪರೀಕ್ಷಾಲಯಕ್ಕೆ ಸ್ಯಾಂಪಲ್ ಕಳಿಸುವವರು ಕೇಳುವುದು ಒಂದೇ ಮಾತು: ಪಾಸಾ, ಫೇಲಾ? ಅವರ ಅವಸರ ಅರ್ಥವಾಗುತ್ತದೆ, ಅನುಮತಿಯ ಅರ್ಜಿಗೆ ಗಡುವು ಹತ್ತಿರ ಬಂದಿರುತ್ತದೆ. ಆದರೆ ಪರೀಕ್ಷೆ ಮಾಡುವ ನಮ್ಮ ಹೊತ್ತೆಲ್ಲ ಹೋಗುವುದು ಇನ್ನೊಂದು ಪ್ರಶ್ನೆಗೆ. ಈ ಸಾಧನದಲ್ಲಿ ದೋಷ ಇದ್ದಿದ್ದರೆ ನಮ್ಮ ಪರೀಕ್ಷೆ ಅದನ್ನು ಹಿಡಿಯುತ್ತಿತ್ತೇ? ಹಿಡಿಯುತ್ತಿರಲಿಲ್ಲ ಎಂದಾದರೆ, ಪಾಸ್ ಎಂದು ಬರೆದ ಹಾಳೆಗೆ ಬೆಲೆ ಇಲ್ಲ.

ಕೆಲಸ ಶುರುವಾಗುವುದು ಸಾಧನ ದೇಹದ ಯಾವ ಭಾಗವನ್ನು, ಎಷ್ಟು ಕಾಲ ಮುಟ್ಟುತ್ತದೆ ಎಂಬುದರಿಂದ. ಜೈವಿಕ ಸುರಕ್ಷತೆಯ ಮಾನದಂಡವಾದ ಐಎಸ್‌ಒ 10993 ಕಾಲವನ್ನು ಮೂರು ಪಾಲು ಮಾಡುತ್ತದೆ: 24 ಗಂಟೆಯವರೆಗೆ, 24 ಗಂಟೆಯಿಂದ 30 ದಿನದವರೆಗೆ, 30 ದಿನಕ್ಕಿಂತ ಹೆಚ್ಚು. ಒಂದೇ ಪ್ಲಾಸ್ಟಿಕ್ ಚರ್ಮದ ಮೇಲಿನ ಪಟ್ಟಿಯಾದರೆ ಕೆಲವೇ ಪರೀಕ್ಷೆಗಳಲ್ಲಿ ಮುಗಿಯುತ್ತದೆ. ಅದೇ ಪ್ಲಾಸ್ಟಿಕ್ ರಕ್ತನಾಳದೊಳಗೆ ವರ್ಷಗಟ್ಟಲೆ ಕೂರುವುದಾದರೆ ಪರೀಕ್ಷೆಗಳ ಪಟ್ಟಿ ಪುಟಗಟ್ಟಲೆ ಬೆಳೆಯುತ್ತದೆ. ‘ನಮ್ಮ ಪ್ಲಾಸ್ಟಿಕ್ ಸುರಕ್ಷಿತ ಅಂತ ಸರ್ಟಿಫಿಕೇಟ್ ಇದೆ’ ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ‘ಯಾತಕ್ಕೆ ಬಳಸುವಾಗ?’ ಎಂದು.

ಹೆಚ್ಚುಕಡಿಮೆ ಎಲ್ಲ ಸಾಧನಗಳೂ ಹಾದುಹೋಗಬೇಕಾದದ್ದು ಕೋಶವಿಷತ್ವ ಪರೀಕ್ಷೆ. ಇದರಲ್ಲಿ ಸಾಮಾನ್ಯವಾಗಿ ಸಾಧನವನ್ನು ನೇರವಾಗಿ ಕೋಶಗಳ ಮೇಲೆ ಇಡುವುದಿಲ್ಲ. ಅದನ್ನು ಕೋಶ ಬೆಳೆಸುವ ದ್ರವದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ನೆನೆಸಿ, ಬಸಿದ ದ್ರವವನ್ನು ಎಲ್929 ಎಂಬ ಇಲಿಯ ಕೋಶಗಳಿಗೆ ಹಾಕುತ್ತೇವೆ. ಅರ್ಧ ಮಿಲಿಮೀಟರಿಗಿಂತ ತೆಳುವಾದ ವಸ್ತುವಾದರೆ ಒಂದು ಮಿಲಿಲೀಟರ್ ದ್ರವಕ್ಕೆ 6 ಚದರ ಸೆಂಟಿಮೀಟರ್ ಮೇಲ್ಮೈ ಎಂಬುದು ಲೆಕ್ಕ. ಏನೂ ನೆನೆಸದ ಬರೀ ದ್ರವದಲ್ಲಿ ಬದುಕಿದ ಕೋಶಗಳಿಗೆ ಹೋಲಿಸಿದರೆ ಶೇ. 70ಕ್ಕಿಂತ ಕಡಿಮೆ ಉಳಿದಿದ್ದರೆ ವಸ್ತುವಿಗೆ ಕೋಶಗಳನ್ನು ಕೊಲ್ಲುವ ಗುಣ ಇದೆ ಎಂದರ್ಥ.

ಪಕ್ಕದಲ್ಲೇ, ಫಲಿತಾಂಶ ಮೊದಲೇ ಗೊತ್ತಿರುವ ಇನ್ನೆರಡು ವಸ್ತುಗಳ ಪರೀಕ್ಷೆ ನಡೆದಿರುತ್ತದೆ, ಇವಕ್ಕೆ ಕಂಟ್ರೋಲ್ ಎನ್ನುತ್ತೇವೆ. ಒಂದು, ನಿರುಪದ್ರವಿ ಎಂದು ಗೊತ್ತಿರುವ ಪಾಲಿಎಥಿಲೀನ್. ಇನ್ನೊಂದು, ಕೋಶಗಳನ್ನು ಖಂಡಿತ ಕೊಲ್ಲುತ್ತದೆಂದು ಗೊತ್ತಿರುವ, ತವರದ ಸಂಯುಕ್ತ ಬೆರೆಸಿದ ಪಿವಿಸಿಯಂಥದ್ದು. ಈ ಎರಡನೆಯದು ಕೊಲ್ಲದೇ ಹೋದರೆ ಸ್ಯಾಂಪಲ್‌ನ ಫಲಿತಾಂಶ ಎಷ್ಟೇ ಚೆನ್ನಾಗಿದ್ದರೂ ಇಡೀ ಪರೀಕ್ಷೆ ಕಸದ ಬುಟ್ಟಿಗೆ. ಹೊಸದಾಗಿ ಸೇರಿದವರಿಗೆ ಇದು ಕಷ್ಟವೆನಿಸುತ್ತದೆ: ‘ಸ್ಯಾಂಪಲ್ ಪಾಸ್ ಆಗಿದೆಯಲ್ಲ ಸರ್, ಕಂಟ್ರೋಲ್ ಮಾತ್ರ ಕೆಟ್ಟಿದೆ.’ ಆ ‘ಮಾತ್ರ’ದಲ್ಲೇ ಎಲ್ಲ ಇರುವುದು.

ಕಂಟ್ರೋಲ್ ಸರಿಯಿದ್ದರೂ ಪರೀಕ್ಷೆ ಕುರುಡಾಗಬಹುದು. ಸಣ್ಣ ನಳಿಕೆಯೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಒಳಮೈ ನೆನೆಯುವುದೇ ಇಲ್ಲ. ರೋಗಿಯ ರಕ್ತ ಹರಿಯುವುದು ಆ ಒಳಮೈಯಲ್ಲೇ. ಹಾಗೆಂದು ನಳಿಕೆಯನ್ನು ಸಿಕ್ಕಾಪಟ್ಟೆ ತುಂಡು ಮಾಡಿದರೆ ದೇಹಕ್ಕೆ ಎಂದೂ ತಾಗದ ಒಳಪದರ ಹೊರಬಿದ್ದು, ಇಲ್ಲದ ವಿಷ ಕಾಣಿಸುತ್ತದೆ. ಸ್ಪಂಜಿನಂಥ ವಸ್ತುವಾದರೆ ಹಾಕಿದ ದ್ರವವನ್ನೆಲ್ಲ ತಾನೇ ಕುಡಿದುಬಿಡುತ್ತದೆ, ಅದು ಹೀರುವಷ್ಟನ್ನು ಮೊದಲೇ ಅಳೆದು ಹೆಚ್ಚಿಗೆ ಹಾಕಬೇಕು. ಎಲ್ಲಿ ಕತ್ತರಿಸಬೇಕು, ಹೇಗೆ ನೆನೆಸಬೇಕು ಎಂಬುದು ಆ ಸಾಧನವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದವರಿಗೇ ಹೊಳೆಯುತ್ತದೆ.

ಇಲ್ಲಿ ಫೇಲ್ ಆದದ್ದೆಲ್ಲ ಅಪಾಯಕಾರಿ ಎಂದೂ ಅಲ್ಲ. ಗಾಯಕ್ಕೆ ಹಾಕುವ ಬೆಳ್ಳಿಯ ಡ್ರೆಸಿಂಗ್ ತಟ್ಟೆಯಲ್ಲಿನ ಕೋಶಗಳನ್ನು ಕೊಲ್ಲಬಹುದು. ಬ್ಯಾಕ್ಟೀರಿಯಾ ಕೊಲ್ಲಲೆಂದೇ ಬೆಳ್ಳಿ ಹಾಕಿದ್ದಲ್ಲವೇ? ಆಗ ಎಷ್ಟು ಪ್ರಮಾಣ, ಎಲ್ಲಿ, ಪ್ರಯೋಜನವೇನು ಎಂದು ತೂಗಿ ನೋಡುವುದು ಅಪಾಯ ವಿಶ್ಲೇಷಣೆಯ ಕೆಲಸ.

ಕ್ರಿಮಿಶುದ್ಧಿಯ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. ‘ಇಪ್ಪತ್ತು ಪೀಸ್ ಟೆಸ್ಟ್ ಮಾಡಿ, ಕ್ರಿಮಿ ಇಲ್ಲ ಅಂತ ಬರೆದುಕೊಡಿ’ ಎನ್ನುವವರಿದ್ದಾರೆ. ನೂರರಲ್ಲಿ ಒಂದು ಸಾಧನ ಕಲುಷಿತವಾಗಿದೆ ಎಂದುಕೊಳ್ಳಿ, ಆಸ್ಪತ್ರೆಯ ಮಟ್ಟಿಗೆ ಅದು ಭಯಂಕರ. ಅಂಥ ಲಾಟ್‌ನಿಂದ ಇಪ್ಪತ್ತು ತೆಗೆದು ನೋಡಿದರೆ ಎಲ್ಲವೂ ಶುದ್ಧವಾಗಿ ಕಾಣುವ ಸಾಧ್ಯತೆ ಸುಮಾರು ಶೇ. 82. ನಾವು ಮುಟ್ಟಬೇಕಾದ ಗುರಿಯಾದರೋ ಹತ್ತು ಲಕ್ಷಕ್ಕೆ ಒಂದು. ಅದನ್ನು ಎಣಿಸಿ ನೋಡುವಷ್ಟು ಸಾಧನಗಳನ್ನು ಯಾವ ಕಾರ್ಖಾನೆಯೂ ಕೊಡಲಾರದು.

ಹಾಗಾಗಿ ಸಾಧನದ ಬದಲು ಕ್ರಿಮಿಶುದ್ಧಿಯ ಪ್ರಕ್ರಿಯೆಯನ್ನೇ ಪರೀಕ್ಷೆಗೆ ಒಡ್ಡುತ್ತೇವೆ, ಅದೂ ಬೇಕೆಂದೇ ಅದರ ಶಕ್ತಿ ಕುಗ್ಗಿಸಿ. ಎಥಿಲೀನ್ ಆಕ್ಸೈಡ್ ಅನಿಲದಲ್ಲಿ ಶುದ್ಧಿ ಮಾಡುವಾಗ, ಆ ಅನಿಲಕ್ಕೆ ಬಹಳ ಗಟ್ಟಿಯಾಗಿ ನಿಲ್ಲುವ ಬ್ಯಾಸಿಲಸ್ ಅಟ್ರೋಫೇಯಸ್ ಎಂಬ ಬ್ಯಾಕ್ಟೀರಿಯಾದ ಹತ್ತು ಲಕ್ಷ ಬೀಜಕಗಳಿರುವ ಪಟ್ಟಿಗಳನ್ನು ಅನಿಲ ಸುಲಭವಾಗಿ ತಲುಪದ ಮೂಲೆಗಳಲ್ಲಿ ಅಡಗಿಸಿ, ಅರ್ಧ ಅವಧಿಯಷ್ಟೇ ಅನಿಲ ಕೊಡುತ್ತೇವೆ. ಅರ್ಧದಲ್ಲೇ ಎಲ್ಲವೂ ಸತ್ತರೆ, ಪೂರ್ತಿ ಅವಧಿಯ ಮೇಲೆ ಹತ್ತು ಲಕ್ಷಕ್ಕೆ ಒಂದು ಎಂಬ ಭರವಸೆ ಇಡಬಹುದು. ವಿಕಿರಣದಲ್ಲೂ ಉಪಾಯ ಇದೇ: ಉತ್ಪಾದನೆಯಲ್ಲಿ 25 ಕಿಲೋಗ್ರೇ (ವಿಕಿರಣದ ಪ್ರಮಾಣದ ಅಳತೆ) ಕೊಡುವುದಿದ್ದರೆ, ಪರೀಕ್ಷೆಗೆ ಅದಕ್ಕಿಂತ ಎಷ್ಟೋ ಕಡಿಮೆ ಕೊಟ್ಟು ಏನು ಬದುಕುತ್ತದೆ ಎಂದು ನೋಡುವುದು.

ಸಾಧನವನ್ನು ಪೋಷಕ ದ್ರವದಲ್ಲಿ ಮುಳುಗಿಸಿ 14 ದಿನ ಕಾಯುವ ಹಳೆಯ ಪರೀಕ್ಷೆಯನ್ನು ಇದರ ಜೊತೆಗೂ ಮಾಡುತ್ತೇವೆ. ದ್ರವ ತಿಳಿಯಾಗಿಯೇ ಉಳಿದರೆ ಸಂತೋಷ. ಆದರೆ ದೇಹದೊಳಗೆ ತೂರಿಸುವ ನಳಿಕೆಯಾದ ಕ್ಯಾತಿಟರಿಗೆ ಆಂಟಿಬಯಾಟಿಕ್ ಲೇಪನವಿದ್ದರೆ? ಲೇಪನ ದ್ರವಕ್ಕೆ ಇಳಿದು ಬ್ಯಾಕ್ಟೀರಿಯಾವನ್ನು ಬೆಳೆಯಗೊಡುವುದಿಲ್ಲ, ಬಾಟಲಿ ತಿಳಿಯಾಗಿ ಕಾಣುತ್ತದೆ. ಅದಕ್ಕೇ ಅದೇ ಸಾಧನವಿರುವ ಬಾಟಲಿಗೆ ನೂರಕ್ಕಿಂತ ಕಡಿಮೆ ಜೀವಂತ ಬ್ಯಾಕ್ಟೀರಿಯಾ ನಾವಾಗಿಯೇ ಹಾಕಿ, ಅವು ಬೆಳೆಯುತ್ತವೆಂದು ಮೊದಲು ತೋರಿಸಬೇಕು. ಬೆಳೆಯದಿದ್ದರೆ ವಿಧಾನ ಬದಲಿಸಬೇಕು. ರಿಪೋರ್ಟ್‌ನಲ್ಲಿ ಈ ಪುಟ ಇಲ್ಲದಿದ್ದರೆ ಉಳಿದದ್ದನ್ನು ನಾನು ಓದುವುದಿಲ್ಲ.

ಕ್ರಿಮಿ ಸತ್ತರೂ ಕಾಟ ಮುಗಿಯುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿರುವ ಎಂಡೋಟಾಕ್ಸಿನ್ ಎಂಬ ವಿಷ, ಒತ್ತಡದ ಹಬೆಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವ್‌ನ ಬಿಸಿಗೂ ಜಗ್ಗುವುದಿಲ್ಲ, ರಕ್ತಕ್ಕೆ ಸೇರಿದರೆ ಜ್ವರ ತರುತ್ತದೆ. ಹಿಂದೆ ಮೊಲಕ್ಕೆ ಚುಚ್ಚಿ ಜ್ವರ ಬರುತ್ತದಾ ಎಂದು ನೋಡುತ್ತಿದ್ದರು. ಈಗ ಹಾರ್ಸ್‌ಶೂ ಏಡಿಯ ರಕ್ತಕೋಶಗಳ ಸಾರ ಅದನ್ನು ಹೆಪ್ಪುಗಟ್ಟಿ ತೋರಿಸುತ್ತದೆ, ಏಡಿಯನ್ನು ಮುಟ್ಟದೆ ಪ್ರಯೋಗಾಲಯದಲ್ಲೇ ತಯಾರಿಸಿದ ಪ್ರೋಟೀನೂ ಬಳಕೆಗೆ ಬಂದಿದೆ. ಅಮೆರಿಕದ ಔಷಧ ಮತ್ತು ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ರಕ್ತ ಮುಟ್ಟುವ ಒಂದು ಸಾಧನಕ್ಕೆ ಇಟ್ಟ ಮಿತಿ 20 ಎಂಡೋಟಾಕ್ಸಿನ್ ಘಟಕ, ಮೆದುಳು-ಬೆನ್ನುಹುರಿಯ ದ್ರವ ಮುಟ್ಟುವುದಕ್ಕೆ 2.15. ಗೊತ್ತಿರುವಷ್ಟು ಎಂಡೋಟಾಕ್ಸಿನ್ ಸೇರಿಸಿ, ಅಳೆದಾಗ ಅದರ ಶೇ. 50ರಿಂದ 200ರ ನಡುವೆ ಮರಳಿ ಸಿಗುತ್ತದಾ ಎಂದು ಇಲ್ಲಿಯೂ ನೋಡಬೇಕು. ಸೆಲ್ಯುಲೋಸ್ ಫಿಲ್ಟರ್ ಇರುವ ಸಾಧನಗಳು ಉಲ್ಟಾ ತೊಂದರೆ ಕೊಡುತ್ತವೆ. ಫಿಲ್ಟರ್‌ನಿಂದ ಬರುವ ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿ ಎಂಡೋಟಾಕ್ಸಿನ್‌ನಂತೆಯೇ ನಟಿಸುತ್ತದೆ.

ಪ್ಯಾಕಿಂಗ್‌ನ ಬಾಳಿಕೆ ನೋಡಲು 55 ಡಿಗ್ರಿಯ ಒಲೆಯಲ್ಲಿ ಇಡುತ್ತೇವೆ. ಹತ್ತು ಡಿಗ್ರಿ ಏರಿದರೆ ಹಳತಾಗುವ ವೇಗ ಎರಡು ಪಟ್ಟು ಎಂಬ ಊಹೆಯಲ್ಲಿ, 25 ಡಿಗ್ರಿಯ ಒಂದು ವರ್ಷ ಅಲ್ಲಿ ಸುಮಾರು 46 ದಿನಗಳಲ್ಲಿ ಕಳೆಯುತ್ತದೆ. ಊಹೆ ಊಹೆಯೇ ಆದ್ದರಿಂದ, ಕೋಣೆಯ ತಾಪದಲ್ಲಿ ನಿಜವಾದ ವರ್ಷಗಳನ್ನು ಕಳೆಯುವ ಪೊಟ್ಟಣಗಳೂ ಕಪಾಟಿನಲ್ಲಿರುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ಫಲಿತಾಂಶ ಬಂದ ಸ್ಯಾಂಪಲ್‌ಗೆ ಮಾತ್ರ ಸಲ್ಲುತ್ತದೆ. ಫ್ರಾನ್ಸಿನ ಪಿಐಪಿ ಕಂಪನಿಯ ಸ್ತನ ಇಂಪ್ಲಾಂಟ್‌ಗಳನ್ನು 2010ರಲ್ಲಿ ಹಿಂಪಡೆದಾಗ ಗೊತ್ತಾದದ್ದು, ಅನುಮತಿ ಪಡೆದ ಜೆಲ್ ಒಂದು, ಒಳಗೆ ತುಂಬಿದ್ದು ಕೈಗಾರಿಕಾ ದರ್ಜೆಯ ಸಿಲಿಕೋನ್ ಎಂದು. ಅಂಥ ವಂಚನೆ ಅಪರೂಪ. ದಿನನಿತ್ಯ ನಡೆಯುವುದು ಸಣ್ಣಪುಟ್ಟದ್ದು: ಕ್ರಿಮಿಶುದ್ಧಿಗೆ ಮೊದಲಿನ ಸ್ಯಾಂಪಲ್ ಕಳಿಸುವುದು, ಅಂಟು ಬದಲಾದದ್ದನ್ನು ಹೇಳದಿರುವುದು, ಫೇಲ್ ಆದಾಗ ‘ಇನ್ನೊಂದ್ಸಲ ಮಾಡಿ ನೋಡಿ’ ಎನ್ನುವುದು. ಕಾರಣ ಹುಡುಕದೆ ಮರುಪರೀಕ್ಷೆ ಮಾಡುವುದಿಲ್ಲ ಎಂದರೆ ಫೋನಿನ ಆ ಕಡೆ ಮೌನ. ನಿಮ್ಮ ಕೈಗೆ ರಿಪೋರ್ಟ್ ಬಂದರೆ ಕೊನೆಯ ಸಾಲಿಗೆ ಹಾರಬೇಡಿ. ಸ್ಯಾಂಪಲ್ ವಿವರ ನೋಡಿ: ಮಾರುವ ರೂಪದಲ್ಲೇ, ಅದೇ ಶುದ್ಧಿ ಪ್ರಕ್ರಿಯೆ ಮುಗಿಸಿ, ಅದೇ ಪ್ಯಾಕಿಂಗ್‌ನಲ್ಲಿ ಬಂದಿತ್ತೇ? ಆಮೇಲೆ ಕಂಟ್ರೋಲ್‌ಗಳ ಕೋಷ್ಟಕ. ಅವೆರಡೂ ಸರಿಯಿದ್ದರೆ ಮುಂದಿನ ಪುಟಕ್ಕೆ ಹೋಗಿ.