ಎಲ್ಫ್ ಭಾಷೆಯ ಪದಕ್ಕೆ ಇಸವಿ ಏಕೆ ಬೇಕು?

‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಜೆ.ಆರ್.ಆರ್. ಟೋಲ್ಕಿನ್ 1973ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ, ತಮ್ಮ ಕಥೆಗಳ ‘ಎಲ್ಫ್’ ಎಂಬ ಕಲ್ಪಿತ ಜನಾಂಗಕ್ಕಾಗಿ ಅವರು ಕಟ್ಟಿದ ಭಾಷೆಗಳ ಬಹುಪಾಲು ಇನ್ನೂ ಹಸ್ತಪ್ರತಿಯಲ್ಲೇ ಇತ್ತು. ಮಗ ಕ್ರಿಸ್ಟೋಫರ್ 1977ರಲ್ಲಿ ‘ಸಿಲ್ಮರಿಲಿಯನ್’ ಹೊರತಂದರು. ದಶಕಗಳ ಅಂತರದಲ್ಲಿ ಬರೆದ, ಒಂದಕ್ಕೊಂದು ತಾಳೆಯಾಗದ ಕರಡುಗಳನ್ನು ಹೊಲಿದು ಒಂದೇ ಕಥೆಯಾಗಿಸಿದ ಪುಸ್ತಕ ಅದು. ಹೊಲಿಗೆ ಕಾಣದಿದ್ದದ್ದೇ ತೊಡಕಾಯಿತು. ಎಲ್ಫ್ ರಾಜ ಗಿಲ್-ಗಲಾಡ್ ಅಲ್ಲಿ ಇನ್ನೊಬ್ಬ ಎಲ್ಫ್ ರಾಜ ಫಿಂಗೋನನ ಮಗ. ಹಾಗೆ ಮಾಡಿದ್ದು ತಪ್ಪೆಂದು ಕ್ರಿಸ್ಟೋಫರ್ ತಾವೇ 1996ರಲ್ಲಿ ಬರೆದರು. 1983ರಿಂದ ಅದೇ 1996ರವರೆಗೆ 12 ಸಂಪುಟಗಳಲ್ಲಿ ಅವರು ಕರಡುಗಳನ್ನು ಪದರ ಪದರವಾಗಿ ಬಿಡಿಸಿಟ್ಟದ್ದು ದೊಡ್ಡ ಉಪಕಾರ.

ಭಾಷೆಗಳ ಸಿಕ್ಕು ಇನ್ನೂ ಬಿಗಿ. ಎಲ್ಫ್ ಭಾಷೆಗಳಲ್ಲಿ ಮುಖ್ಯವಾದವು ಕ್ವೆನ್ಯಾ ಮತ್ತು ಸಿಂಡರಿನ್. 1915ರಲ್ಲಿ ಶುರುವಾದ ಕ್ವೆನ್ಯಾ ಪದಕೋಶ ಅಚ್ಚಾದದ್ದು 1998ರಲ್ಲಿ. 1930ರ ದಶಕದ ಕೊನೆಯ ಧಾತುಕೋಶ ‘ಎಟಿಮಾಲಜೀಸ್’ ಅದಕ್ಕೂ ಮೊದಲೇ, 1987ರಲ್ಲಿ ಬಂತು. ಅದರ ಹಾಳೆಗಳಲ್ಲಿ ತಿದ್ದಿದ್ದರ ಮೇಲೆ ತಿದ್ದಿದ್ದು ಎಷ್ಟಿತ್ತೆಂದರೆ, ಬಿಟ್ಟುಹೋದದ್ದನ್ನೂ ತಪ್ಪಾಗಿ ಓದಿದ್ದನ್ನೂ ‘ವಿನ್ಯಾರ್ ತೆಂಗ್ವಾರ್’ ಪತ್ರಿಕೆ ಮುಂದೆ 2 ಸಂಚಿಕೆಗಳಲ್ಲಿ ಸರಿಪಡಿಸಬೇಕಾಯಿತು.

ಸಿಂಡರಿನ್ ಕಲಿಯುವವರು ಎಡವುವುದು ಈ ಕೋಶದಲ್ಲೇ. ಇಲ್ಲಿರುವುದು ಸಿಂಡರಿನ್ ಅಲ್ಲ, ಅದರ ಹಿಂದಿನ ರೂಪವಾದ ‘ನೋಲ್ಡೋರಿನ್’. ನಾಲಗೆಗೆ ಇಲ್ಲಿ ‘ಲ್ಹಮ್’ ಎಂದಿದೆ. ಸಿಂಡರಿನ್‌ನಲ್ಲಿ ಅದು ‘ಲಮ್’: ‘ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿ ಮೋರಿಯಾದ ಬಾಗಿಲ ಮುಂದೆ ಮಂತ್ರವಾದಿ ಗ್ಯಾಂಡಾಲ್ಫ್ ಹೇಳುವ ಮಾತಿನ ‘ಲಮ್ಮೆನ್’ ಇದಕ್ಕೆ ಸಾಕ್ಷಿ. ಹಾಗೆಂದು ‘ಲ್ಹ’ ಕಂಡಲ್ಲೆಲ್ಲ ‘ಲ’ ಬರೆದರೂ ಕೆಡುತ್ತದೆ. ಮೂಲಧಾತು ‘ಸ್ಲ್’ನಿಂದ ಶುರುವಾಗಿದ್ದರೆ ಸಿಂಡರಿನ್‌ನಲ್ಲೂ ‘ಲ್ಹ’ವೇ ಉಳಿಯುತ್ತದೆ. ಆದ್ದರಿಂದ ಮೊದಲು ಧಾತು ನೋಡಬೇಕು.

ಇನ್ನೂ ಸೂಕ್ಷ್ಮವಾದದ್ದು ‘ನಮ್ಮ’. ಅದೇ ಕಾದಂಬರಿಯಲ್ಲಿ ನಾಯಕ ಫ್ರೋಡೋ ಎಲ್ಫ್‌ಗಳಿಗೆ ಹೇಳುವ ಕ್ವೆನ್ಯಾ ವಂದನೆ 1954ರ ಮೊದಲ ಮುದ್ರಣದಲ್ಲಿ ‘ಒಮೆಂಟಿಯೆಲ್ಮೊ’ ಎಂದು ಮುಗಿಯುತ್ತಿತ್ತು, ಅಂದರೆ ‘ನಮ್ಮ ಭೇಟಿಯ’. ತೆಲುಗಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ ‘ಮನಮು’, ಬಿಟ್ಟರೆ ‘ಮೇಮು’. ಕನ್ನಡದಲ್ಲಿ ಎರಡಕ್ಕೂ ‘ನಾವು’. ಕ್ವೆನ್ಯಾ ತೆಲುಗಿನ ದಾರಿಯದು. ಆಗ ‘ಲ್ಮ್’ ಪ್ರತ್ಯಯ ಮನಮು ಆಗಿತ್ತು. ಮುಂದೆ ಟೋಲ್ಕಿನ್ ಅದನ್ನೇ ಮೇಮು ಮಾಡಿ, ಮನಮುವಿಗೆ ‘ಲ್ವ್’ ತಂದರು. ಎದುರಿಗಿದ್ದವರನ್ನು ಹೊರಗಿಟ್ಟು ‘ನಮ್ಮ ಭೇಟಿ’ ಎನ್ನಲಾಗದಲ್ಲ. 1960ರ ದಶಕದ ಪರಿಷ್ಕರಣೆಯಲ್ಲಿ ವಂದನೆ ‘ಒಮೆಂಟಿಯೆಲ್ವೊ’ ಆಯಿತು. ಎರಡು ಕಾಲದ ಹಸ್ತಪ್ರತಿಗಳಲ್ಲಿ ಒಂದೇ ‘ಲ್ಮ್’ಗೆ ಎದುರುಬದುರು ಅರ್ಥ.

ಉಂಗುರದ ಮೇಲೆ ಕೆತ್ತಿಸಲು, ಹಚ್ಚೆ ಹಾಕಿಸಲು ಪದ ಹುಡುಕುವವರು ಅದು ಯಾವ ಭಾಷೆಯದು, ಯಾವ ಕಾಲದ ಹಾಳೆಯದು, ಆಮೇಲೆ ಹೊಡೆದುಹಾಕಿದ್ದೇ ಎಂಬ ಮೂರನ್ನೂ ನೋಡಿಕೊಳ್ಳಬೇಕು. ಪದಪಟ್ಟಿಯಲ್ಲಿ ಪದದ ಆರಂಭದಲ್ಲಿ ನಕ್ಷತ್ರ ಚಿಹ್ನೆ (*) ಇದ್ದರೆ, ಸಾಮಾನ್ಯವಾಗಿ ಅದು ಟೋಲ್ಕಿನ್ ಬರೆದದ್ದಲ್ಲ, ಅಭ್ಯಾಸಿಗಳು ಊಹಿಸಿ ಕಟ್ಟಿದ ರೂಪ.